ಮೊರಾಕೊ, ಅಲ್ಜೀರಿಯಾ, ಟುನೀಶಿಯಾ ಕಡೆಯ ಸಾಂಪ್ರದಾಯಿಕ ಅಡುಗೆ ಒಂದೇ ಥರಾನಾ?

ಬುನಾದಿ ಒಂದೇ, ರುಚಿ ಬೇರೆ ಬೇರೆ. ಮಗ್ರೆಬ್ ಅಂತ ಕರೆಯುವ ಈ ಉತ್ತರ ಆಫ್ರಿಕಾ ಸೀಮೆಯ ಮುಖ್ಯ ಊಟ ಕುಸ್ಕುಸ್. ಅಲ್ಲಿನ ಮೂಲ ಜನರಾದ ಬರ್ಬರರ ಅಡುಗೆಮನೆಯಿಂದ ಬಂದದ್ದು.

ಗೋಧಿ ರವೆಗೆ ನೀರು ಚಿಮುಕಿಸಿ, ಸ್ವಲ್ಪ ಹಿಟ್ಟು ಉದುರಿಸಿ, ಅಗಲವಾದ ತಟ್ಟೆಯಲ್ಲಿ ಅಂಗೈಯಿಂದ ಉಜ್ಜುತ್ತಾ ಹೋದರೆ ಸಣ್ಣ ಸಣ್ಣ ಕಾಳಾಗುತ್ತದೆ. ಅದನ್ನು ಜರಡಿ ಹಿಡಿದು ತೂತಿನ ಪಾತ್ರೆಗೆ ಹಾಕುತ್ತಾರೆ. ಕೆಳಗಿನ ಪಾತ್ರೆಯಲ್ಲಿ ಮಾಂಸ, ತರಕಾರಿ ಕುದಿಯುತ್ತಿರುತ್ತದೆ, ಅದರ ಹಬೆಯಲ್ಲೇ ಇದು ಬೇಯಬೇಕು. ನಮ್ಮ ಇಡ್ಲಿ ಥರ ಒಂದೇ ಸಲಕ್ಕೆ ಮುಗಿಯಲ್ಲ. ನಡುವೆ ಇಳಿಸಿ, ಗಂಟು ಬಿಡಿಸಿ, ನೀರು ಚಿಮುಕಿಸಿ ಮತ್ತೆ ಹಬೆಗಿಡಬೇಕು, ಎರಡು ಮೂರು ಸಲ. ಪ್ಯಾಕೆಟ್ ಕುಸ್ಕುಸ್‌ಗೆ ಸುಮ್ನೆ ಬಿಸಿನೀರು ಸುರಿದರೆ ಈ ಹಗುರತನ ಖಂಡಿತ ಬರಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜ್ ಆದಮೇಲೆ ಮನೆಮಂದಿಯೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ತಿನ್ನುವುದು ವಾಡಿಕೆ. ಮೊರಾಕೊದಲ್ಲಿ ಏಳು ತರಕಾರಿಯ ಕುಸ್ಕುಸ್ ಹೆಸರುವಾಸಿ. ಟುನೀಶಿಯಾದವರಿಗೆ ಖಾರ ಜಾಸ್ತಿ ಬೇಕು. ಹರಿಸ್ಸಾ ಅನ್ನುವ ಒಣಮೆಣಸಿನಕಾಯಿ ಚಟ್ನಿ ಸೇರಿಸುತ್ತಾರೆ, ಕರಾವಳಿಯಲ್ಲಿ ಮೀನೂ ಹಾಕುತ್ತಾರೆ.

ಕುಸ್ಕುಸ್ ಯಾರದ್ದು ಅಂತ ಈ ದೇಶಗಳ ನಡುವೆ ಜಗಳವೂ ಇತ್ತು. ಕೊನೆಗೆ 2020ರಲ್ಲಿ ಈ ಮೂರರ ಜೊತೆ ಮಾರಿಟೇನಿಯಾವೂ ಸೇರಿ, ನಾಲ್ಕೂ ದೇಶಗಳ ಹೆಸರಲ್ಲಿ ಒಟ್ಟಿಗೇ ಯುನೆಸ್ಕೊ ಪರಂಪರೆಯ ಪಟ್ಟಿಗೆ ಹೋಯಿತು.