ಆಷಾಢದ ಬಾಡಿಗೆ ವೈಶಾಖದಲ್ಲೇ ಎತ್ತಿಡಿ

ಒಂದು ತಿಂಗಳು 80 ಸಾವಿರ ಬರುತ್ತೆ, ಮುಂದಿನ ತಿಂಗಳು ಏನೂ ಇಲ್ಲ, ಮದುವೆ ಫೋಟೋಗ್ರಫಿ ನಂಬಿಕೊಂಡು ಸಂಸಾರ ಮಾಡಬಹುದಾ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ 14 ವರ್ಷದಿಂದ ನಾನು ಮಾಡ್ತಿರೋದು ಇದೇ ಕೆಲಸ. ಮಾಡಬಹುದು. ಆದರೆ ಯುಗಾದಿ ದಿನ ಪಂಚಾಂಗ ಬಿಡಿಸಿಕೊಂಡು ಕೂತುಕೊಳ್ಳಿ.

ನಮ್ಮ ದುಡಿಮೆ ಯಾವಾಗ ಬತ್ತುತ್ತೆ ಅನ್ನೋದು ಅದರಲ್ಲಿ ಮೊದಲೇ ಅಚ್ಚಾಗಿರುತ್ತೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಎಲ್ಲರಿಗೂ ಗೊತ್ತು. ಹೊಡೆತ ಕೊಡೋದು ಅಧಿಕ ಮಾಸ, ಗುರು ಶುಕ್ರರ ಅಸ್ತ, ಅಂದ್ರೆ ಆ ಗ್ರಹಗಳು ಸೂರ್ಯನ ಹತ್ತಿರ ಹೋಗಿ ಕಾಣದ ದಿನಗಳು. ಆಗಲೂ ಮದುವೆ ಮುಹೂರ್ತ ಇರಲ್ಲ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು, ಜೂನ್ ಮೂರನೇ ವಾರದಿಂದ ಆಗಸ್ಟ್ ಮಧ್ಯದವರೆಗೆ ಕ್ಯಾಮೆರಾ ಬ್ಯಾಗಲ್ಲೇ ಇತ್ತು. 2024 ಇನ್ನೂ ಕಷ್ಟ. ಮೇ ಅಂದ್ರೆ ನಮಗೆ ಸುಗ್ಗಿ. ಆ ವರ್ಷ ಏಪ್ರಿಲ್ ಕೊನೆಗೆ ಶುಕ್ರಾಸ್ತ, ಮೇನಲ್ಲಿ ಗುರುವೂ ಅಸ್ತ, ಅದು ಮುಗಿಯೋ ಹೊತ್ತಿಗೆ ಆಷಾಢ. ಹೆಂಡತಿ ಸರ ಬಿಚ್ಚಿಕೊಟ್ಟಳು, ಅಡವಿಟ್ಟು ಮಗಳ ಸ್ಕೂಲ್ ಫೀಸ್ ಕಟ್ಟಿದೆ. ಪಂಚಾಂಗ ದೇವರ ಗೂಡಿನ ಪಕ್ಕ ಮೊಳೆಗೆ ನೇತಾಡ್ತಿತ್ತು. ವಿವಾಹ ಮುಹೂರ್ತದ ಪುಟವನ್ನೇ ನಾನು ತೆರೆದಿರಲಿಲ್ಲ. ಆ ಸಂಕಟ ಇವತ್ತಿಗೂ ಇದೆ.

ಆಮೇಲೆ ಬಂದದ್ದೆಲ್ಲ ಒಂದು ಖಾತೆಗೆ, ಮನೆ ಖರ್ಚಿಗೆ ಬೇರೆ ಖಾತೆ. ಹಿಂದಿನ ಎರಡು ವರ್ಷದಲ್ಲಿ ಕಡಿಮೆ ದುಡಿದ ವರ್ಷ ಹಿಡಿದು, ಪೆಟ್ರೋಲು, ಹುಡುಗರ ಕೂಲಿ, ಆಲ್ಬಂ ಪ್ರಿಂಟಿಂಗ್ ಕಳೆದು, ಉಳಿದದ್ದನ್ನು 12ಕ್ಕಲ್ಲ, ಎರಡು ತಿಂಗಳದ್ದು ಕೈಯಲ್ಲಿ ಉಳೀಲಿ ಅಂತ 14ಕ್ಕೆ ಭಾಗಿಸಿದೆ. ತಿಂಗಳಿಗೆ 26 ಸಾವಿರ ಬಂತು. ಒಂದನೇ ತಾರೀಖು ಅಷ್ಟೇ ಮನೆ ಖಾತೆಗೆ ಹೋಗುತ್ತೆ. ಮಾಘದಲ್ಲಿ ಎರಡು ಲಕ್ಷ ಬಂದರೂ ಅಷ್ಟೇ. ಹೊಸ ಲೆನ್ಸ್ ಕಣ್ಣಿಗೆ ಬೀಳೋದು ಅಂಥ ತಿಂಗಳಲ್ಲೇ. ಇಎಂಐ ಮಾತ್ರ ಬೇಡ, ಅದಕ್ಕೆ ಆಷಾಢ ಇಲ್ಲ. ವರ್ಷಕ್ಕೆ ಹತ್ತು ಸಲ ಬೇಕಾಗೋ ಲೆನ್ಸ್ ಬಾಡಿಗೆಗೆ ಸಿಗುತ್ತೆ.

ಬಾಕಿ ವಿಷಯ. ಬುಕಿಂಗ್ ದಿನ ಅರ್ಧ, ಧಾರೆ ದಿನ ಮತ್ತೆ ನಲವತ್ತು ಪರ್ಸೆಂಟ್ ಕೇಳಿ. ಮದುವೆ ಮನೆಯಲ್ಲಿ ದುಡ್ಡು ಕೇಳೋಕೆ ಸಂಕೋಚ ಆಗುತ್ತೆ, ನಿಜ. ಹಿಂದಿನ ವಾರವೇ ಹುಡುಗಿ ತಂದೆಗೋ ಸೋದರಮಾವನಿಗೋ ಫೋನ್ ಮಾಡಿ ನೆನಪಿಸಿದರೆ ಕವರ್ ರೆಡಿ ಇಟ್ಟಿರ್ತಾರೆ. ಮದುಮಕ್ಕಳು ಆಲ್ಬಂಗೆ ಫೋಟೋ ಆರಿಸಿ ಕೊಡೋಕೆ ಆರು ತಿಂಗಳು ತಗೊಳ್ತಾರೆ. ದೊಡ್ಡ ಬಾಕಿ ಆಲ್ಬಂ ಮೇಲೆ ಬಿಟ್ಟರೆ ಅಷ್ಟೂ ದಿನ ನೀವೇ ಕಾಯಬೇಕು.

ಖಾಲಿ ತಿಂಗಳಲ್ಲಿ ಬೇರೆ ಸ್ಟುಡಿಯೋಗಳ ಆಲ್ಬಂ ಡಿಸೈನ್ ಹಿಡೀತೀನಿ. ಚರ್ಚಿನ ಮದುವೆಗೆ, ಮುಹೂರ್ತ ನೋಡದ ಸರಳ ಮದುವೆ, ಕುವೆಂಪು ಅವರ ಮಂತ್ರಮಾಂಗಲ್ಯಕ್ಕೆ ಆಷಾಢ ಅಡ್ಡಿಯಿಲ್ಲ. ಕಳೆದ ಸಲ ಅಂಥ ಎರಡು ಸಿಕ್ಕವು. ನಿಮ್ಮೂರಲ್ಲೂ ವಿಚಾರಿಸಿ.