ಮಗಳಿಗೆ ಆನರ್ ಸೊಸೈಟಿಯಿಂದ ಇಮೇಲ್ ಬಂದಿದೆ, ದುಡ್ಡು ಕಟ್ಟಬೇಕಾ?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಓದುತ್ತಿದ್ದಾಳೆ. ಎರಡು ಸೆಮಿಸ್ಟರ್ ಮುಗಿದಿವೆ. ‘ನೀವು ಆನರ್ ಸೊಸೈಟಿಗೆ ಆಯ್ಕೆಯಾಗಿದ್ದೀರಿ, 90 ಡಾಲರ್ ಕಟ್ಟಿ ಸದಸ್ಯರಾಗಿ’ ಎಂದು ಅವಳಿಗೆ ಇಮೇಲ್ ಬಂದಿದೆ. ಅವಳಿಗೆ ಖುಷಿ, ನಮ್ಮ ಯಜಮಾನರಿಗೆ ಅನುಮಾನ. ಗೌರವ ಕೊಡುವವರು ದುಡ್ಡು ಯಾಕೆ ಕೇಳುತ್ತಾರೆ? ಸೇರಿದರೆ ಕೆಲಸಕ್ಕೋ ಗ್ರೀನ್ ಕಾರ್ಡಿಗೋ ಅನುಕೂಲ ಇದೆಯಾ?
– ಒಬ್ಬ ತಾಯಿ, ಹಾಸನ

ಉತ್ತರ: ದುಡ್ಡು ಕೇಳಿದರು ಅನ್ನುವ ಒಂದೇ ಕಾರಣಕ್ಕೆ ಮೋಸ ಅಂದುಕೊಳ್ಳಬೇಡಿ ಅಮ್ಮ. ಒಳ್ಳೆಯ ಹೆಸರಿರುವ ಆನರ್ ಸೊಸೈಟಿಗಳೂ ಸೇರುವಾಗ ಶುಲ್ಕ ತೆಗೆದುಕೊಳ್ಳುತ್ತವೆ. ಇವು ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಸದಸ್ಯರಾಗಿ ಸೇರಿಸಿಕೊಳ್ಳುವ ಸಂಘಗಳು, ಸರ್ಕಾರದ ಪ್ರಶಸ್ತಿಗಳಲ್ಲ. ಮಗಳನ್ನು ಆರಿಸಿದವರು ಯಾರು, ಯಾವ ಲೆಕ್ಕದ ಮೇಲೆ ಆರಿಸಿದರು ಎಂಬುದನ್ನು ನೋಡಿ.

ಪದ್ಧತಿ ಹಳೆಯದು. ಫೈ ಬೀಟಾ ಕಾಪ್ಪಾ ಎಂಬ ಸೊಸೈಟಿ ಹುಟ್ಟಿದ್ದು 1776ರ ಡಿಸೆಂಬರ್‌ನಲ್ಲಿ, ವರ್ಜೀನಿಯಾದ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ. ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಆಗಿನ್ನೂ ಐದು ತಿಂಗಳು! ಮೊದಲು ಅದು ಹುಡುಗರ ಗುಟ್ಟಿನ ಚರ್ಚಾಕೂಟವಾಗಿತ್ತು. ಈಗ ಕಲೆ ಮತ್ತು ವಿಜ್ಞಾನದ ಪದವಿ ವಿದ್ಯಾರ್ಥಿಗಳಿಗೆ ಸಿಗುವ ದೊಡ್ಡ ಗೌರವ. ಎಂಜಿನಿಯರಿಂಗ್‌ನವರಿಗಾಗಿ 1885ರಲ್ಲಿ ಲೀಹೈ ವಿಶ್ವವಿದ್ಯಾಲಯದಲ್ಲಿ ಟೌ ಬೀಟಾ ಪೈ ಬಂತು. ಎಲ್ಲ ವಿಷಯದವರನ್ನೂ ಸೇರಿಸಿಕೊಳ್ಳುವ ಫೈ ಕಾಪ್ಪಾ ಫೈ 1897ರಲ್ಲಿ ಮೇನ್ ರಾಜ್ಯದಲ್ಲಿ ಶುರುವಾಯಿತು. ಕಂಪ್ಯೂಟರ್‌ನವರಿಗೆ ಉಪ್ಸಿಲಾನ್ ಪೈ ಎಪ್ಸಿಲಾನ್ ಅಂತ ಒಂದಿದೆ, 1967ರಿಂದ.

ಇಂಥ ಸೊಸೈಟಿಗಳು ನೋಡುವುದು ಮುಖ್ಯವಾಗಿ ತರಗತಿಯಲ್ಲಿ ನಿಮ್ಮ ಸ್ಥಾನ. ಟೌ ಬೀಟಾ ಪೈಗೆ ಪದವಿಯ ಮೂರನೇ ವರ್ಷದವರಾದರೆ ಮೊದಲ ಎಂಟನೇ ಒಂದು ಭಾಗದಲ್ಲಿರಬೇಕು, ಕೊನೆಯ ವರ್ಷದವರಾದರೆ ಐದನೇ ಒಂದು ಭಾಗದಲ್ಲಿ. ಫೈ ಕಾಪ್ಪಾ ಫೈ ಸ್ನಾತಕೋತ್ತರದವರಲ್ಲಿ ಮೊದಲ ಶೇ 10ರಷ್ಟು ಮಂದಿಯನ್ನು ಮಾತ್ರ ಕರೆಯುತ್ತದೆ. ಈಗ ನಿಮ್ಮ ಮಗಳ ಇಮೇಲ್ ನೋಡಿ. ‘ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.0 ಇದ್ದರೆ ಸಾಕು’ ಎಂದಿದೆಯಾ? ಅಲ್ಲಿನ ಬಹಳಷ್ಟು ಎಂ.ಎಸ್. ಕೋರ್ಸ್‌ಗಳಲ್ಲಿ ಜಿಪಿಎ 3.0ಕ್ಕಿಂತ ಕೆಳಗಿಳಿದರೆ ಎಚ್ಚರಿಕೆಯ ಪತ್ರವೇ ಬರುತ್ತದೆ. ಅಂದರೆ ಆ ಸೊಸೈಟಿ ಹೆಚ್ಚುಕಡಿಮೆ ಪಾಸಾದವರನ್ನೆಲ್ಲ ಕರೆಯುತ್ತಿದೆ ಅಂತಾಯಿತು. ಅದರಲ್ಲಿ ಗೌರವ ಏನು ಬಂತು?

ಇನ್ನೊಂದು ಗುರುತು ಕ್ಯಾಂಪಸ್‌ನಲ್ಲಿರುವ ಶಾಖೆ. ಅವರು ಅದನ್ನು ‘ಚಾಪ್ಟರ್’ ಅನ್ನುತ್ತಾರೆ. ನಿಜವಾದ ಸೊಸೈಟಿಗೆ ಆ ವಿಶ್ವವಿದ್ಯಾಲಯದಲ್ಲೇ ಮಾನ್ಯತೆ ಪಡೆದ ಚಾಪ್ಟರ್ ಇರುತ್ತದೆ, ಸಲಹೆಗಾರರಾಗಿ ಒಬ್ಬ ಪ್ರಾಧ್ಯಾಪಕರು ಇರುತ್ತಾರೆ. ಬರೀ ವೆಬ್‌ಸೈಟು, ದುಡ್ಡು ಕಟ್ಟುವ ಕೊಂಡಿ, ‘ಇನ್ನು ಮೂರೇ ದಿನ’ ಅನ್ನುವ ಅವಸರ – ಇಷ್ಟೇ ಇದ್ದರೆ ಬಿಟ್ಟುಬಿಡಿ. ಫೈ, ಬೀಟಾ ಅಂತ ಗ್ರೀಕ್ ಅಕ್ಷರದ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಈ ಗೊಂದಲ ಹೊಸದಲ್ಲ. 1925ರಲ್ಲೇ ಕೆಲವು ಸೊಸೈಟಿಗಳು ಸೇರಿ ಅಸೋಸಿಯೇಷನ್ ಆಫ್ ಕಾಲೇಜ್ ಆನರ್ ಸೊಸೈಟೀಸ್ ಎಂಬ ಒಕ್ಕೂಟ ಮಾಡಿಕೊಂಡವು. ಒಂದೇ ವಿಷಯದ ಸೊಸೈಟಿಯಾದರೆ ತರಗತಿಯ ಮೊದಲ ಶೇ 35ರೊಳಗೆ, ಎಲ್ಲ ವಿಷಯದ್ದಾದರೆ ಶೇ 20ರೊಳಗೆ ಇರಬೇಕು ಎಂಬುದು ಅದರ ಕನಿಷ್ಠ ಮಟ್ಟ. ಅದರ ಪಟ್ಟಿ ನೋಡುವುದು ಒಳ್ಳೆಯದೇ, ಆದರೆ ಪಟ್ಟಿಯಲ್ಲಿ ಇಲ್ಲದ್ದೆಲ್ಲ ನಕಲಿ ಅಂತಲ್ಲ. ಫೈ ಬೀಟಾ ಕಾಪ್ಪಾವೇ ಈಗ ಆ ಒಕ್ಕೂಟದಲ್ಲಿಲ್ಲ. ಹಾಗಾಗಿ ನನಗೆ ಪಟ್ಟಿಗಿಂತ ಚಾಪ್ಟರ್ ಮೇಲೆ ಜಾಸ್ತಿ ನಂಬಿಕೆ.

ಇನ್ನು ಅನುಕೂಲದ ಮಾತು. ಅಮೆರಿಕದ ಕೇಂದ್ರ ಸರ್ಕಾರದ ಕೆಲವು ಕೆಲಸಗಳಿಗೆ ಸೇರುವಾಗ, ಆ ಒಕ್ಕೂಟದ ಮಟ್ಟ ಮುಟ್ಟುವ ಸೊಸೈಟಿಯ ಸದಸ್ಯತ್ವವಿದ್ದರೆ ಸಾಮಾನ್ಯಕ್ಕಿಂತ ಮೇಲಿನ ಶ್ರೇಣಿಯಲ್ಲಿ ಶುರು ಮಾಡಬಹುದು. ಆದರೆ ಆ ಕೆಲಸಗಳು ಸಾಮಾನ್ಯವಾಗಿ ಅಲ್ಲಿನ ಪ್ರಜೆಗಳಿಗೆ. ವಿದ್ಯಾರ್ಥಿ ವೀಸಾದಲ್ಲಿರುವ ನಿಮ್ಮ ಮಗಳಿಗೆ ಉಪಯೋಗವಿಲ್ಲ. ಗ್ರೀನ್ ಕಾರ್ಡ್ ಆಸೆ ಇಟ್ಟುಕೊಳ್ಳಬೇಡಿ. ಪ್ರತಿಭಾವಂತರ ವರ್ಗದಲ್ಲಿ ಅರ್ಜಿ ಹಾಕುವಾಗ ಸಂಘಗಳ ಸದಸ್ಯತ್ವ ಕೇಳುವುದು ನಿಜ. ಆದರೆ ಅಲ್ಲಿ ನೋಡುವುದು ಕ್ಷೇತ್ರದಲ್ಲಿ ಮಾಡಿದ ಅಸಾಧಾರಣ ಸಾಧನೆಯನ್ನು. ಅಂಕ ನೋಡಿ ಕೊಟ್ಟ ಸದಸ್ಯತ್ವ ಆ ಲೆಕ್ಕಕ್ಕೆ ಬರುವುದಿಲ್ಲ.

ರೆಸ್ಯೂಮೆಯಲ್ಲಿ ಒಂದು ಸಾಲು ಸಿಗುತ್ತದೆ, ಸರಿ. ಬೆಂಗಳೂರಿಗೆ ವಾಪಸ್ ಬಂದರೆ ಆ ಹೆಸರು ಎಷ್ಟು ಜನಕ್ಕೆ ಗೊತ್ತಿರುತ್ತದೆ ಹೇಳಿ. ಆದರೆ ಚಾಪ್ಟರ್‌ನಲ್ಲಿ ನಿಜವಾಗಿ ಕೆಲಸ ಮಾಡಿದರೆ ಕಥೆ ಬೇರೆ. ಎಷ್ಟೋ ಚಾಪ್ಟರ್‌ಗಳು ಕಿರಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಪಾಠ ಹೇಳಿಕೊಡುತ್ತವೆ, ಕಂಪನಿಯವರನ್ನು ಕರೆಸಿ ಮಾತಾಡಿಸುತ್ತವೆ. ಅಲ್ಲಿ ಪರಿಚಯವಾದ ಪ್ರಾಧ್ಯಾಪಕರು ಮುಂದೆ ಶಿಫಾರಸು ಪತ್ರ ಬರೆದುಕೊಡಬಹುದು. ಸುಮ್ನೆ ಸರ್ಟಿಫಿಕೇಟು ಗೋಡೆಗೆ ಹಾಕಲಿಕ್ಕೆ 90 ಡಾಲರ್ ಜಾಸ್ತಿಯೇ ಅಲ್ವಾ?

ಮಗಳು ಆ ಇಮೇಲನ್ನು ತನ್ನ ವಿಭಾಗದ ಕಚೇರಿಗೋ ಅಡ್ವೈಸರ್‌ಗೋ ಕಳಿಸಿ, ‘ಈ ಚಾಪ್ಟರ್ ನಮ್ಮ ಕ್ಯಾಂಪಸ್‌ನಲ್ಲಿ ಇದೆಯಾ?’ ಎಂದು ಕೇಳಲಿ. ಉತ್ತರ ಬರುವವರೆಗೆ ಕಾರ್ಡ್ ನಂಬರ್ ಹಾಕುವುದು ಬೇಡ.