ನರದೋಷದಿಂದ ಮೂತ್ರ ಸೋರಿಕೆ: ಮಾತ್ರೆಗೆ ಮುನ್ನ ತಿಳಿಯಬೇಕಾದದ್ದು

ಪ್ರಶ್ನೆ: ನನಗೆ 38 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆ. ಮೂತ್ರಕ್ಕೆ ಅವಸರವಾದರೆ ಶೌಚಾಲಯ ತಲುಪುವುದರೊಳಗೆ ಸೋರಿಹೋಗುತ್ತದೆ. ಹೋಗಿಬಂದ ಮೇಲೂ ಪೂರ್ತಿ ಖಾಲಿಯಾದಂತೆ ಅನಿಸುವುದಿಲ್ಲ. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇನೆ. ನಾನೇ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಕೊಳ್ಳುವುದನ್ನು ಕಲಿಯಬೇಕೆಂದು ವೈದ್ಯರು ಹೇಳಿದ್ದಾರೆ. ಸೋಂಕಿನ ಭಯವಿದೆ. ಮಾತ್ರೆಯಿಂದಲೇ ಗುಣವಾಗುವುದಿಲ್ಲವೇ?

ಉತ್ತರ: ಪೂರ್ತಿ ಖಾಲಿಯಾದಂತೆ ಅನಿಸುವುದಿಲ್ಲ ಎಂದು ನೀವು ಬರೆದಿರುವುದರಿಂದ, ಮಾತ್ರೆಯ ವಿಚಾರವನ್ನು ಆಮೇಲೆ ನೋಡೋಣ. ನಿಮ್ಮ ಕಾಯಿಲೆಯಲ್ಲಿ ಮೂತ್ರಕೋಶವು ಹೊತ್ತುಗೊತ್ತಿಲ್ಲದೆ ಸಂಕುಚಿಸುವಾಗಲೇ, ಆಗ ಸಡಿಲಗೊಳ್ಳಬೇಕಾದ ಮೂತ್ರದ್ವಾರದ ಸ್ನಾಯು ಬಿಗಿದುಕೊಳ್ಳುವುದುಂಟು. ಆದ್ದರಿಂದ ಒಬ್ಬರಲ್ಲೇ ಸೋರಿಕೆಯೂ ಶೇಖರಣೆಯೂ ಒಟ್ಟಿಗೆ ಕಾಣುತ್ತವೆ. ಅವಸರವನ್ನು ತಗ್ಗಿಸುವ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್‌ನಂಥ ಮಾತ್ರೆಗಳು ಮೂತ್ರಕೋಶವನ್ನು ಸಡಿಲಗೊಳಿಸುತ್ತವೆಯಾದ್ದರಿಂದ, ಅವನ್ನಷ್ಟೇ ನುಂಗಿದರೆ ಒಳಗೆ ಉಳಿಯುವ ಮೂತ್ರ ಇನ್ನಷ್ಟು ಹೆಚ್ಚಬಹುದು. ಮೊದಲು ಮೂತ್ರ ವಿಸರ್ಜಿಸಿದ ಕೂಡಲೇ ಅಲ್ಟ್ರಾಸೌಂಡ್‌ನಲ್ಲಿ ಎಷ್ಟು ಉಳಿದಿದೆಯೆಂದು ನೋಡಬೇಕು. ಒಳಗಿನ ಒತ್ತಡ ಹೆಚ್ಚಿದ್ದರೆ ಮೂತ್ರಪಿಂಡಗಳಿಗೆ ಪೆಟ್ಟು ಬೀಳುವ ಸಾಧ್ಯತೆಯಿರುವುದರಿಂದ, ಅಗತ್ಯವೆನಿಸಿದರೆ ವೈದ್ಯರು ಯುರೋಡೈನಾಮಿಕ್ ಪರೀಕ್ಷೆಯಲ್ಲಿ ಅದನ್ನೂ ಅಳೆಯುತ್ತಾರೆ.

ಕ್ಯಾತಿಟರ್ ಬಗ್ಗೆ ನಿಮಗಿರುವ ಭಯ ಸಹಜವೇ. ಆದರೆ ನಿಂತ ಮೂತ್ರವೇ ಸೋಂಕಿಗೆ ದೊಡ್ಡ ಆಸರೆ. 1972ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಾಕ್ ಲ್ಯಾಪಿಡೀಸ್ ಅವರ ತಂಡವು, ಶಸ್ತ್ರಚಿಕಿತ್ಸಾ ಕೊಠಡಿಯಷ್ಟು ನಿರ್ಜೀವೀಕರಣವಿಲ್ಲದೆ ಶುಚಿಯಾದ ಕೈಯಿಂದಲೇ ಇದನ್ನು ಮಾಡಿಕೊಳ್ಳಬಹುದೆಂದು ತೋರಿಸಿತು. ಸೋಪಿನಿಂದ ಕೈ ತೊಳೆದು, ಮೊದಮೊದಲು ಕನ್ನಡಿಯ ನೆರವು ಪಡೆದು, ಮಹಿಳೆಯರಲ್ಲಿ ಸುಮಾರು 4 ಸೆಂ.ಮೀ. ಉದ್ದವಿರುವ ಮೂತ್ರದ್ವಾರ ನಾಳದ ಮೂಲಕ ತೆಳುವಾದ ನಳಿಕೆಯನ್ನು ಮೆಲ್ಲಗೆ ತೂರಿಸಿ, ಮೂತ್ರ ಹರಿದು ನಿಂತ ಮೇಲೆ ಹೊರತೆಗೆದರಾಯಿತು. ತಾವಾಗಿ ಮೂತ್ರ ವಿಸರ್ಜಿಸಲಾಗದವರಿಗೆ ಸಾಮಾನ್ಯವಾಗಿ ದಿನಕ್ಕೆ 4ರಿಂದ 6 ಬಾರಿ ಬೇಕಾಗುತ್ತದೆ. ನಿಮಗೆ ಇನ್ನೂ ಕಡಿಮೆ ಸಾಕಾಗಬಹುದು. ಅನುಭವಿ ದಾದಿಯರಿಂದ ಕಲಿಯುವುದು ಒಳ್ಳೆಯದು. ಕೈನಡುಕ ಅಥವಾ ಸ್ಪರ್ಶದ ಮಂದತೆ ಇದ್ದರೆ ಅವರಿಗೆ ಮೊದಲೇ ತಿಳಿಸಿ.

ಹೀಗೆ ಖಾಲಿ ಮಾಡಿಕೊಳ್ಳಲು ಕಲಿತ ಮೇಲೆ ಮಾತ್ರೆಯನ್ನು ನೆಮ್ಮದಿಯಿಂದ ಸೇರಿಸಬಹುದು. ಮೇಲಿನ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ. ಮಲಬದ್ಧತೆಯೇ ಸೋರಿಕೆಯನ್ನು ಹೆಚ್ಚಿಸುತ್ತದೆ. ಮರೆವು, ಮಂಕು ಇರುವವರಿಗೆ ಇವುಗಳ ಬದಲು ಮಿರಾಬೆಗ್ರಾನ್ ಎಂಬ ಬೇರೆ ಬಗೆಯ ಮಾತ್ರೆ ಒಳಿತೆನಿಸಬಹುದು, ಆದರೆ ರಕ್ತದೊತ್ತಡ ಗಮನಿಸಬೇಕು. ಇವು ಫಲಿಸದಿದ್ದರೆ ಮೂತ್ರಕೋಶದ ಗೋಡೆಗೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಎಂಬ ಔಷಧ ಚುಚ್ಚುವ ಚಿಕಿತ್ಸೆಯಿದೆ; ಪರಿಣಾಮ ಹಲವು ತಿಂಗಳು ಉಳಿಯುತ್ತದೆ, ಮತ್ತೆ ಮಾಡಿಸಬೇಕಾಗುತ್ತದೆ. ಅದರ ನಂತರ ಮೂತ್ರ ಕಟ್ಟಿಕೊಳ್ಳುವ ಸಂಭವವಿರುವುದರಿಂದ ಅಲ್ಲಿಯೂ ಕ್ಯಾತಿಟರ್ ಬಳಕೆ ಗೊತ್ತಿರಬೇಕು.

ನೀರನ್ನು ದಯವಿಟ್ಟು ಕಡಿಮೆ ಮಾಡಬೇಡಿ. ಕ್ಯಾತಿಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸುವುದು ಸಾಮಾನ್ಯ, ಲಕ್ಷಣಗಳಿಲ್ಲದಿದ್ದರೆ ಅದಕ್ಕಾಗಿ ಆಂಟಿಬಯಾಟಿಕ್ ಬೇಕಿಲ್ಲ. ಆದರೆ ಜ್ವರ, ಪಕ್ಕೆನೋವು ಕಾಣಿಸಿದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೂ ತಡಮಾಡಬೇಡಿ. ಸೋಂಕಿನಿಂದಲೂ ಹಳೆಯ ನರಲಕ್ಷಣಗಳು ಉಲ್ಬಣಿಸುವುದರಿಂದ, ಆಗ ಮೂತ್ರಪರೀಕ್ಷೆಯನ್ನೂ ಮಾಡಿಸಬೇಕು.